ಹಾರ್ನೆಟ್ ಹಡಗಿನ ನಿಜವಾದ ಬಣ್ಣ ಯಾವುದು? 1942ರ ಏಪ್ರಿಲ್ ಮಾಡೆಲ್‌ಗೆ ಸಹಾಯ ಬೇಕು

ಶಿವಮೊಗ್ಗ ಮಾಡೆಲರ್:

ಎಲ್ಲರಿಗೂ ನಮಸ್ಕಾರ. ಅಮೆರಿಕದ ವಿಮಾನವಾಹಕ ಹಡಗು ಯುಎಸ್‌ಎಸ್ ಹಾರ್ನೆಟ್, ನೌಕಾಪಡೆ ಕೊಟ್ಟ ನಂಬರ್ ಸಿವಿ-8, ಅದನ್ನು 1/700 ಅಳತೆಯಲ್ಲಿ ಕಟ್ಟುತ್ತಿದ್ದೇನೆ. 1942ರ ಏಪ್ರಿಲ್ 18ರ ಬೆಳಗ್ಗೆ 16 ಬಿ-25 ಬಾಂಬರ್‌ಗಳು ಇದರ ಮೇಲಿಂದ ಎದ್ದು ಜಪಾನ್ ಕಡೆ ಹೋದವಲ್ಲ, ಆ ಬೆಳಗ್ಗೆ ಹಡಗು ಹೇಗಿತ್ತೋ ಹಾಗೇ ಇರಬೇಕು ಅಂತ ಆಸೆ. ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪ ಕೊಟ್ಟ ಒಂದು ಹಳೇ ಪತ್ರಿಕೆಯಲ್ಲಿ ಆ ಫೋಟೊ ನೋಡಿದ್ದೆ. ಅಷ್ಟು ದೊಡ್ಡ ವಿಮಾನ ಅಷ್ಟು ಚಿಕ್ಕ ಡೆಕ್ಕಿನಿಂದ ಮೇಲೇಳುವ ಫೋಟೊ. ಇವತ್ತಿಗೂ ಮರೆತಿಲ್ಲ.

ಹಡಗಿನ ಮೈ ಅಂಟಿಸಿ ಆಗಿದೆ. 35 ಸೆಂ.ಮೀ ಉದ್ದ. ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಕೂಡ ಹೊಡೆದಾಯಿತು. ಆದರೆ ಮೂರು ವಾರದಿಂದ ಬಣ್ಣ ಹಚ್ಚೋಕೆ ಧೈರ್ಯ ಬರುತ್ತಿಲ್ಲ. ಕಿಟ್ ಜೊತೆ ಬಂದ ಹಾಳೆ ಡೆಕ್ ಕಂದು, ಮೈಯೆಲ್ಲ ಒಂದೇ ಬೂದು ಅನ್ನುತ್ತದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಬಣ್ಣದ ಫೋಟೊದಲ್ಲಿ ಡೆಕ್ ಕಡುನೀಲಿ. ಇನ್ನೊಂದರಲ್ಲಿ ಮೈ ಹಸಿರು ಹಸಿರಾಗಿದೆ. ಬೇರೆಯವರು ಕಟ್ಟಿದ ಮಾಡೆಲ್ ನೋಡಿದರೆ ನೇರಳೆಗೆ ಹತ್ತಿರ. ಯಾವುದನ್ನು ನಂಬಲಿ? ಒಂದು ಬಾಟಲಿ ಬಣ್ಣ ತರಿಸಲು ಕೊರಿಯರ್ ಸೇರಿ 450 ರೂಪಾಯಿ ಆಗುತ್ತದೆ. ಐದಾರು ತರಿಸಿ ಸುಮ್ನೆ ಇಡುವ ಹಾಗಿಲ್ಲ.

ತುಮಕೂರು ಫೋಟೊ:

ಮೊದಲು ಆ ಬಣ್ಣದ ಫೋಟೊಗಳನ್ನು ಪಕ್ಕಕ್ಕಿಡಿ. ಈಗ ಓಡಾಡುತ್ತಿರುವುದರಲ್ಲಿ ಜಾಸ್ತಿ ಭಾಗ ಕಪ್ಪು ಬಿಳುಪು ಫೋಟೊಗೆ ಕಂಪ್ಯೂಟರ್‌ನಲ್ಲಿ ಬಣ್ಣ ತುಂಬಿದ್ದು. ಅದರಲ್ಲಿರುವ ನೀಲಿ ಹಡಗಿನದಲ್ಲ, ಸಾಫ್ಟ್‌ವೇರ್ ಊಹಿಸಿದ್ದು. ಅಮೆರಿಕದ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 80-ಜಿ ಅಂತ ಶುರುವಾಗುವ ನಂಬರಿನ ನೌಕಾಪಡೆ ಫೋಟೊಗಳಿವೆ. ಅವರ ನೌಕಾ ಇತಿಹಾಸ ಇಲಾಖೆಯ ಸೈಟಿನಲ್ಲೂ ಬೇಕಾದಷ್ಟು ಇವೆ, ದುಡ್ಡು ಕೊಡಬೇಕಿಲ್ಲ. ನಂಬರ್, ತಾರೀಕು ಎರಡೂ ಇರುವ ಫೋಟೊ ಮಾತ್ರ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಆಗ ಎರಡು ಬಗೆಯ ಕಪ್ಪು ಬಿಳುಪು ಫಿಲ್ಮ್ ಬಳಕೆಯಲ್ಲಿದ್ದವು. ಆರ್ಥೊಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಕಾಣುವುದಿಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ನೀಲಿ ತೆಳುವಾಗಿ ಬರುತ್ತದೆ. ಪ್ಯಾನ್‌ಕ್ರೊಮ್ಯಾಟಿಕ್‌ನಲ್ಲಿ ಹಾಗಾಗದು. ಯಾವುದು ಅಂತ ತಿಳಿಯೋಕೆ ನಿಮಗೆ ಒಂದು ಅನುಕೂಲ ಇದೆ. 1942ರ ಮೇ ತಿಂಗಳವರೆಗೆ ಅಮೆರಿಕದ ವಿಮಾನಗಳ ನಕ್ಷತ್ರದ ಮಧ್ಯೆ ಕೆಂಪು ಚುಕ್ಕೆ ಇರುತ್ತಿತ್ತು. ಆ ಚುಕ್ಕೆ ಸುತ್ತಲಿನ ನೀಲಿಗಿಂತ ಕಪ್ಪಗೆ ಕಂಡರೆ ಅದು ಆರ್ಥೊ. ಆ ಫೋಟೊ ನೋಡಿ ನೀಲಿ ಬಣ್ಣ ಎಷ್ಟು ತೆಳು ಅಂತ ತೀರ್ಮಾನ ಮಾಡಬೇಡಿ, ಮೋಸ ಹೋಗ್ತೀರಿ.

ಹುಬ್ಬಳ್ಳಿ ಪೇಂಟ್ ಅಂಗಡಿ:

ತಮ್ಮಾ, 22 ವರ್ಷ ಪೇಂಟ್ ಅಂಗಡಿ ನಡೆಸಿದವನು ನಾನು. ಹಡಗು ಕಟ್ಟಲು ಶುರು ಮಾಡಿದ್ದು ಅಂಗಡಿ ಮಗನಿಗೆ ಬಿಟ್ಟುಕೊಟ್ಟ ಮೇಲೆ. ಹಾಗಾಗಿ ನನ್ನ ಮಾತು ಪೇಂಟಿನ ಕಡೆಯಿಂದ ಬರುತ್ತದೆ.

ಅಮೆರಿಕದ ನೌಕಾಪಡೆ ಆಗ ಮಾಡುತ್ತಿದ್ದದ್ದು ನಾವು ಅಂಗಡಿಯಲ್ಲಿ ಮಾಡುವ ಕೆಲಸವನ್ನೇ. ಬಿಳಿ ಬೇಸ್ ಒಂದು, ಅದಕ್ಕೆ 5-ಯು ಅಂತ ಹೆಸರು. ಬೇಸ್‌ಗೆ ಬಣ್ಣ ಕೊಡಲು ಕಲಸುವ ನೇರಳೆ ಛಾಯೆಯ ನೀಲಿ ಸ್ಟೇನರ್ ಒಂದು, ಅದು 5-ಟಿಎಂ. ಬೇಸ್‌ಗೆ ಸ್ಟೇನರ್ ಜಾಸ್ತಿ ಹಾಕಿದರೆ 5-ಎನ್, ಅಂದರೆ ನೇವಿ ಬ್ಲೂ. ಸ್ವಲ್ಪ ಕಮ್ಮಿ ಮಾಡಿದರೆ 5-ಓ, ಓಷನ್ ಗ್ರೇ. ಇನ್ನೂ ಕಮ್ಮಿ ಮಾಡಿದರೆ 5-ಎಚ್, ಹೇಜ್ ಗ್ರೇ. ಹೆಸರಲ್ಲಿ ಗ್ರೇ ಇದ್ದರೂ ಒಳಗೆ ಇರುವುದು ಅದೇ ನೀಲಿ. ಒಂದೇ ತಾಯಿ ಮಕ್ಕಳು ಇದ್ದ ಹಾಗೆ.

ನೀವು ನೋಡಿದ ಮಾಡೆಲ್ ನೇರಳೆಗೆ ಹತ್ತಿರ ಅಂದಿರಲ್ಲ, ಕಟ್ಟಿದವರು ತಪ್ಪು ಮಾಡಿಲ್ಲ. ಮೂರು ಕಂಪನಿಯ ಮೂರು ಬಾಟಲಿ ತಂದರೆ ಒಂದು ಹಸಿರಿಗೆ, ಒಂದು ಕಪ್ಪಿಗೆ ಎಳೆಯುತ್ತದೆ. ಅವು ಒಂದೇ ಮನೆಯವು ಅಂತ ಅನಿಸುವುದಿಲ್ಲ. ಅದರ ಬದಲು ಒಳ್ಳೆಯ ನೇವಿ ಬ್ಲೂ ಒಂದನ್ನೇ ತರಿಸಿ, ಮಿಕ್ಕಿದ್ದನ್ನು ಬಿಳಿ ಸೇರಿಸಿ ಕಲಸಿಕೊಳ್ಳಿ. ಹನಿ ಲೆಕ್ಕ ಬರೆದಿಡಿ. ಎಷ್ಟೋ ಗಿರಾಕಿಗಳು ಎರಡನೇ ಡಬ್ಬಿಗೆ ಬಂದಾಗ ಮೊದಲಿನ ಲೆಕ್ಕ ಇಲ್ಲದೆ ಗೋಡೆ ಎರಡು ಬಣ್ಣ ಆಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಬಾಟಲಿ ತರಿಸುವಾಗ ವರ್ಷ ನೋಡಿ, ಇದು ಮುಖ್ಯ. 1945ರಲ್ಲಿ ನೀಲಿ ಪುಡಿಗೆ ಕೊರತೆ ಬಂದು ನೌಕಾಪಡೆ ನೀಲಿ ಇಲ್ಲದ ಬೂದು ಬಣ್ಣಕ್ಕೆ ಹೋಯಿತು. ಆದರೆ ಓಷನ್ ಗ್ರೇ, ಹೇಜ್ ಗ್ರೇ ಅನ್ನುವ ಹೆಸರು ಹಾಗೇ ಉಳಿಯಿತು. ಹೆಸರು ನೋಡಿ 1945ರ ಬಾಟಲಿ ತಂದರೆ ನಿಮ್ಮ ಹಾರ್ನೆಟ್‌ಗೆ ಅದು ಬರುವುದಿಲ್ಲ. ಹಾರ್ನೆಟ್ 1942ರ ಅಕ್ಟೋಬರ್‌ನಲ್ಲೇ ಮುಳುಗಿತು.

ಈಗ ಹಡಗಿನ ಮೈ. ಶತ್ರುವಿನ ಕಣ್ಣು ತಪ್ಪಿಸಲು ಹಚ್ಚಿದ ಆ ಬಣ್ಣದ ವಿನ್ಯಾಸಕ್ಕೆ, ಅಂದರೆ ಕ್ಯಾಮೊಫ್ಲಾಜ್‌ಗೆ, ಮೆಷರ್ 12 ಅನ್ನುತ್ತಾರೆ. ಕೆಳಗೆ ನೇವಿ ಬ್ಲೂ, ಅದರ ಮೇಲೆ ಓಷನ್ ಗ್ರೇ, ತುದಿಗೆ ಹೇಜ್ ಗ್ರೇ. ಹಾರ್ನೆಟ್ ಮೇಲೆ ಇವುಗಳ ಗಡಿ ನೆಟ್ಟಗಿಲ್ಲ. ಮೋಡದ ಅಂಚಿನ ಹಾಗೆ ಏರಿಳಿತ ಇದೆ. ಟೇಪ್ ಅಂಟಿಸಿ ಹೊಡೆಯಬೇಡಿ, ಪೆನ್ಸಿಲಿನಲ್ಲಿ ಗುರುತು ಹಾಕಿ ಬ್ರಷ್‌ನಲ್ಲಿ ತುಂಬಿ. ಎಡಬದಿಗೂ ಬಲಬದಿಗೂ ಬೇರೆ ಬೇರೆ ಫೋಟೊ ಹುಡುಕಿ.

ಡೆಕ್ ಮರದ್ದು. ಅದಕ್ಕೆ ಹಚ್ಚುತ್ತಿದ್ದದ್ದು ಪೇಂಟ್ ಅಲ್ಲ, ಮರ ಹೀರಿಕೊಳ್ಳುವ ಸ್ಟೇನ್. ಯುದ್ಧಕ್ಕೆ ಮೊದಲು ಕೆಂಗಂದು ಸ್ಟೇನ್ ಇತ್ತು. 1941ರಲ್ಲಿ ನೀಲಿಗೆ ಬದಲಾಯಿಸಿದರು. ನಿಮ್ಮ ಕಿಟ್ ಹಾಳೆಯ ಕಂದು ಬಣ್ಣ ಹಳೇ ಕಾಲದ್ದಾಯಿತು. ಸ್ಟೇನ್ ಆದ್ದರಿಂದ ಟೈರು ಉಜ್ಜಿದ ಕಡೆ ಸವೆದು ಮರ ಇಣುಕುತ್ತದೆ. ಇಡೀ ಡೆಕ್ಕಿಗೆ ಒಂದೇ ಸಮ ನೀಲಿ ಬಳಿದರೆ ಪ್ಲಾಸ್ಟಿಕ್ ಕಂಡಂತೆ ಕಾಣುತ್ತದೆ. ಅಡ್ಡಡ್ಡ ಇರುವ ಉಕ್ಕಿನ ಪಟ್ಟಿಗಳನ್ನು ಮರಕ್ಕಿಂತ ಒಂದು ಚೂರು ಬೇರೆ ಮಾಡಿ.

ಕಾರವಾರ ಕಡಲು:

ಹುಬ್ಬಳ್ಳಿ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರಿಸುತ್ತೇನೆ. ನಮ್ಮ ಮನೆ ಕಾರವಾರದಲ್ಲಿ. ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ಇಟ್ಟಿದ್ದಾರಲ್ಲ, ಒಂದು ದಿನ ಅದರ ಒಂದೇ ಜಾಗದ ಫೋಟೊ ಮೂರು ಸಲ ತೆಗೆದೆ. ಬೆಳಗ್ಗೆ 7 ಗಂಟೆಗೆ ಮೊಬೈಲ್ ಅದನ್ನು ನೀಲಿ ಅಂತು. ಮಧ್ಯಾಹ್ನ ಬಿಳಿಚಿಕೊಂಡ ಬೂದು. ಸಂಜೆ ಹೊತ್ತು ಮುಳುಗುವಾಗ ಕೆನೆ ಬಣ್ಣ. ಮಾರನೇ ದಿನ ಮಳೆ ಬಂದು ನೆಂದಾಗ ನೋಡಿದರೆ ಎಷ್ಟೋ ಗಾಢ. ಎದುರಿಗೇ ನಿಂತಿರುವ ಹಡಗಿನ ಬಣ್ಣವೇ ಹೀಗಾದರೆ 80 ವರ್ಷ ಹಳೇ ಫಿಲ್ಮಿನ ಸ್ಕ್ಯಾನ್ ಒಂದನ್ನೇ ನಂಬಿ ಕೂರೋಕೆ ಆಗುತ್ತಾ?

ಏಪ್ರಿಲ್ 18ರ ಬೆಳಗ್ಗೆ ಅಲ್ಲಿ ಬಿಸಿಲಿರಲಿಲ್ಲ. ಮೋಡ, ಜೋರು ಗಾಳಿ, ಡೆಕ್ ಮೇಲೆ ನೀರು ಎರಚುವಷ್ಟು ಅಲೆ. ಹಾಗಾಗಿ ಬಿಸಿಲಿಗೆ ಬಿಳಿಚಿಕೊಂಡ ಹಾಗೆ ತೋರಿಸಲು ಹೋಗಬೇಡಿ. ಡೆಕ್ ಒದ್ದೆಯಾಗಿರಲಿ. ಕಲಸಿದ ಬಣ್ಣವನ್ನು ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ ಒಪ್ಪಿಕೊಳ್ಳಬೇಡಿ, ಬೆಳಗ್ಗೆ ಕಿಟಕಿ ಹತ್ತಿರ ಇಟ್ಟು ನೋಡಿ. ಮಾಡೆಲ್ ಯಾವ ಬೆಳಕಿನಲ್ಲಿ ಇರುತ್ತದೋ ಅದರಲ್ಲೂ ಒಮ್ಮೆ ನೋಡಿ.

ಡೆಕ್ ಮೇಲೆ ಎರಡು ಬಿಳಿ ಗೆರೆ ಮರೀಬೇಡಿ. ಒಂದು ಬಿ-25ರ ಮುಂದಿನ ಚಕ್ರಕ್ಕೆ, ಒಂದು ಎಡ ಚಕ್ರಕ್ಕೆ. ಬಲ ರೆಕ್ಕೆ ಹಡಗಿನ ಕಟ್ಟಡಕ್ಕೆ ತಾಗಬಾರದು ಅಂತ ಪೈಲಟ್‌ಗಳಿಗಾಗಿಯೇ ಎಳೆದದ್ದು. ಹಾರ್ನೆಟ್‌ನ ಸ್ವಂತ ವಿಮಾನಗಳನ್ನು ಕೆಳಗೆ ಹ್ಯಾಂಗರ್‌ನಲ್ಲಿ ಇಟ್ಟಿದ್ದರು. ಮೇಲೆ ಬಿ-25 ಮಾತ್ರ ಇರಲಿ.

ಶಿವಮೊಗ್ಗ ಮಾಡೆಲರ್:

ಹುಬ್ಬಳ್ಳಿ ಸರ್, ಕಾರವಾರ ಮೇಡಂ, ತುಮಕೂರು ಸರ್, ಮೂವರಿಗೂ ತುಂಬಾ ಧನ್ಯವಾದ. ನೇವಿ ಬ್ಲೂ ಒಂದೇ ಬಾಟಲಿ ತರಿಸಿದೆ. ಲಗ್ನಪತ್ರಿಕೆಯ ಹಿಂದೆ ಎಂಟು ಚೌಕ ಹಾಕಿ, ಒಂದೊಂದಕ್ಕೂ ಒಂದೊಂದು ಹನಿ ಬಿಳಿ ಜಾಸ್ತಿ ಮಾಡುತ್ತಾ ಹೋದೆ. ಆಮೇಲೆ ಮೊಬೈಲ್‌ನಲ್ಲಿ ಕಪ್ಪು ಬಿಳುಪು ಮಾಡಿ ಫೋಟೊ ತೆಗೆದು, ಆರ್ಕೈವ್ಸ್‌ನ ಫೋಟೊ ಪಕ್ಕ ಇಟ್ಟು ನೋಡಿದೆ. ಆ ಫೋಟೊದಲ್ಲಿ ಕೆಂಪು ಚುಕ್ಕೆ ನೀಲಿಗಿಂತ ತೆಳುವಾಗಿದೆ, ಹಾಗಾಗಿ ಪ್ಯಾನ್‌ಕ್ರೊಮ್ಯಾಟಿಕ್ ಅಂತ ನಂಬಿದೆ. ನಾಲ್ಕನೇ ಚೌಕ ಓಷನ್ ಗ್ರೇಗೆ ಕೂತಿತು. ಏಳನೆಯದು ಹೇಜ್ ಗ್ರೇ. ಕಿಟಕಿ ಹತ್ತಿರ ಮೂರನ್ನೂ ಜೊತೆಗಿಟ್ಟು ನೋಡಿದಾಗ ಒಂದೇ ಮನೆಯವು ಅನಿಸಿತು, ನಿಜವಾಗಿಯೂ ಖುಷಿಯಾಯಿತು.

ಎಡಬದಿ ಮುಗಿದಿದೆ. ಬಲಬದಿಗೆ ಒಳ್ಳೆ ಫೋಟೊ ಇನ್ನೂ ಹುಡುಕುತ್ತಿದ್ದೇನೆ, ಯಾರ ಹತ್ತಿರವಾದರೂ ನಂಬರ್ ಇದ್ದರೆ ಹಾಕಿ. ಅಲ್ಲಿಯವರೆಗೆ ಬಿ-25ಗಳ ಕೆಲಸ. ರೆಕ್ಕೆ ತುದಿಯಿಂದ ತುದಿಗೆ 3 ಸೆಂ.ಮೀ ಕೂಡ ಇಲ್ಲ. ನಕ್ಷತ್ರದ ಕೆಂಪು ಚುಕ್ಕೆಯನ್ನು ಸೂಜಿ ಮೊನೆಯಲ್ಲಿ ಇಡುತ್ತಿದ್ದೇನೆ. ಇವತ್ತಿಗೆ ಐದು ವಿಮಾನ ಆಯಿತು.