ಅಪ್‌ಡೇಟ್: ಎಸಿಎಸ್‌ಎಸ್‌1 ಕಿಣ್ವ ಕೊನೆಗೂ ಕೆಲಸ ಮಾಡಿತು

ಎಸಿಎಸ್‌ಎಸ್‌1 ಅಂದರೆ ಅಸಿಟೇಟ್ ಮತ್ತು ಕೋಎನ್‌ಜೈಮ್ ಎ ಸೇರಿಸಿ ಅಸಿಟೈಲ್-ಕೋಎ ಮಾಡುವ ಕಿಣ್ವ, ಇರುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ. ಮಾನವನ ಈ ಕಿಣ್ವವನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ್ದೆ. ಜೆಲ್‌ನಲ್ಲಿ ಬ್ಯಾಂಡ್ ಚೆನ್ನಾಗಿದೆ (ಅಂದರೆ ಪ್ರೋಟೀನ್ ತಯಾರಾಗಿದೆ), ಚಟುವಟಿಕೆ ಮಾತ್ರ ತೀರಾ ಕಡಿಮೆ ಯಾಕೆ ಅಂತ ಕೇಳಿದ್ದೆನಲ್ವಾ? ಈಗ ಬಗೆಹರಿಯಿತು.

ಬ್ಯಾಕ್ಟೀರಿಯಾವನ್ನು 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ ಅಂದವರ ಮಾತು ಕೇಳಿದೆ. ಪ್ರೋಟೀನ್ ಜಾಸ್ತಿ ಬಂತು, ಪ್ರತಿ ಮಿಲಿಗ್ರಾಂಗೆ ಚಟುವಟಿಕೆ ಅಷ್ಟೇ. ಹೊಸ ಕೋಎನ್‌ಜೈಮ್ ಎ, ಹೆಚ್ಚು ಮೆಗ್ನೀಸಿಯಂ: ಏನೂ ಬದಲಾಗಲಿಲ್ಲ.

ಫಲ ಕೊಟ್ಟಿದ್ದು 'ಅಸಿಟೈಲ್ ಗುಂಪು ತೆಗೆದು ನೋಡಿ' ಎಂಬ ಸಲಹೆ. ಅಸಿಟೈಲ್ ಅಂದರೆ ಪ್ರೋಟೀನಿಗೆ ಅಂಟಿಕೊಳ್ಳುವ ಒಂದು ಸಣ್ಣ ರಾಸಾಯನಿಕ ಗುಂಪು. ಈ ಕಿಣ್ವದ 642ನೇ ಸ್ಥಾನದಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲಕ್ಕೆ ಅಸಿಟೈಲ್ ಅಂಟಿಕೊಂಡರೆ ಅದು ಮಂಕಾಗುತ್ತದೆ. ಎಸ್‌ಐಆರ್‌ಟಿ3 ಎಂಬ ಇನ್ನೊಂದು ಕಿಣ್ವ ಆ ಅಸಿಟೈಲನ್ನು ಬಿಡಿಸುತ್ತದೆ ಅಂತ 2006ರಲ್ಲೇ ಗೊತ್ತಾಗಿತ್ತು. ಎಸ್‌ಐಆರ್‌ಟಿ3 ಮತ್ತು ಅದರ ಕೆಲಸಕ್ಕೆ ಬೇಕಾದ ಎನ್‌ಎಡಿ ಎಂಬ ಅಣುವನ್ನು ಹಾಕಿ ಸ್ವಲ್ಪ ಹೊತ್ತು ಬಿಟ್ಟೆ, ಚಟುವಟಿಕೆ ಸರಿಯಾಗಿ ಏರಿತು. ಜೊತೆಗೆ ನಿಕೋಟಿನಮೈಡ್ ಹಾಕಿದ ಟ್ಯೂಬಿನಲ್ಲಿ ಏರಲಿಲ್ಲ. ಎಸ್‌ಐಆರ್‌ಟಿ3ಯನ್ನು ನಿಕೋಟಿನಮೈಡ್ ತಡೆಯುತ್ತದೆ, ಹಾಗಾಗಿ ಅಸಿಟೈಲೇ ಕಾರಣ ಎಂಬ ಬಗ್ಗೆ ನನಗೆ ಅನುಮಾನ ಉಳಿದಿಲ್ಲ.

ನನಗೆ ಆಶ್ಚರ್ಯ ಆಗಿದ್ದು ಬೇರೆ: ಈ ಅಸಿಟೈಲ್ ಎಲ್ಲಿಂದ ಬರಬಹುದು ಎಂಬುದು. ಇ. ಕೋಲಿಯೊಳಗಿನ ಅಸಿಟೈಲ್ ಫಾಸ್ಫೇಟ್ ಎಂಬ ಸಣ್ಣ ಅಣು, ಯಾವ ಕಿಣ್ವದ ಸಹಾಯವೂ ಇಲ್ಲದೆ, ಸುಮ್ನೆ ಲೈಸಿನ್‌ಗಳಿಗೆ ಅಸಿಟೈಲ್ ಅಂಟಿಸಬಲ್ಲದಂತೆ! ಅಸಿಟೈಲ್ ಬಿಡಿಸುವ ಕಾಬ್‌ಬಿ ಎಂಬ ಕಿಣ್ವ ಕೂಡ ಇ. ಕೋಲಿಯಲ್ಲೇ ಇದೆ. ಎಸ್‌ಐಆರ್‌ಟಿ3 ದುಬಾರಿ, ಮುಂದಿನ ಬ್ಯಾಚಿಗೆ ಕಾಬ್‌ಬಿಯನ್ನೇ ಜಾಸ್ತಿ ತಯಾರಾಗುವಂತೆ ಮಾಡಿ ನೋಡುತ್ತೇನೆ.