ಫ್ಲೆಕ್ಷನ್ ಅಂದರೆ ಮಡಚುವುದಾ, ಬಗ್ಗಿಸುವುದಾ? ಭುಜದ ವಿಷಯದಲ್ಲಿ ಗೊಂದಲ

ಕಡತಪುಟ:
ಫಿಸಿಯೋಥೆರಪಿ ವ್ಯಾಯಾಮಗಳ ಹಾಳೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ಲೆಕ್ಷನ್ ಎಂದರೆ ಕೀಲಿನಲ್ಲಿ ಎರಡು ಮೂಳೆಗಳ ನಡುವಿನ ಕೋನ ಕಡಿಮೆಯಾಗುವ ಚಲನೆ’ ಎನ್ನುವ ವ್ಯಾಖ್ಯೆ ಮೊಣಕೈಗೆ, ಮೊಣಕಾಲಿಗೆ ಸರಿಹೊಂದುತ್ತದೆ. ಆದರೆ ತೋಳನ್ನು ಮುಂದಿನಿಂದ ತಲೆಯ ಮೇಲಕ್ಕೆ ಎತ್ತುವುದನ್ನೂ ಶೋಲ್ಡರ್ ಫ್ಲೆಕ್ಷನ್ ಅಂತಾರೆ. ಅಲ್ಲಿ ಮುಂಡಕ್ಕೂ ತೋಳಿಗೂ ನಡುವಿನ ಕೋನ ಹೆಚ್ಚಾಗುತ್ತದಲ್ಲ? ಪಾದದ ಕೀಲಿನಲ್ಲಂತೂ ಮೇಲಕ್ಕೂ ಫ್ಲೆಕ್ಷನ್, ಕೆಳಕ್ಕೂ ಫ್ಲೆಕ್ಷನ್! ಇನ್ನೊಂದು: ಕನ್ನಡದಲ್ಲಿ ‘ಆಕುಂಚನ’ ಎಂದು ಬರೆದರೆ ಸಾಕೇ?

ಮೂಳೆಚೀಲ:
ಕೋನದ ವ್ಯಾಖ್ಯೆ ಮೊದಲ ಪಾಠಕ್ಕೆ ಸಾಕು, ಆಮೇಲೆ ಕೈಕೊಡುತ್ತದೆ. ದಿಕ್ಕನ್ನು ಹಿಡಿಯಿರಿ. ನೆಟ್ಟಗೆ ನಿಂತು, ಅಂಗೈ ಮುಂದಕ್ಕೆ ಮಾಡಿದ ನಿಲುವಿನಿಂದ ಎಣಿಕೆ ಶುರು. ಕುತ್ತಿಗೆ, ಬೆನ್ನು, ಭುಜ, ಮೊಣಕೈ, ಮಣಿಕಟ್ಟು, ಸೊಂಟದ ಕೀಲು ಇವೆಲ್ಲ ಮುಂದಕ್ಕೆ ಹೋದರೆ ಫ್ಲೆಕ್ಷನ್. ಮೊಣಕಾಲು ಮಾತ್ರ ಹಿಂದಕ್ಕೆ. ಭ್ರೂಣದಲ್ಲಿ ಕೈಕಾಲಿನ ಮೊಗ್ಗುಗಳು ಬೆಳೆಯುತ್ತ ತಿರುಗುತ್ತವೆ: ಕೈ ಹೊರಕ್ಕೆ, ಕಾಲು ಒಳಕ್ಕೆ, ಸುಮಾರು 90 ಡಿಗ್ರಿ. ಆದ್ದರಿಂದಲೇ ಮೊಣಕೈಯ ಮೊನೆ ಹಿಂದಕ್ಕೂ ಮಂಡಿ ಮುಂದಕ್ಕೂ ನೋಡುವುದು.

ಪಾದದ ಗೊಂದಲಕ್ಕೂ ಇದೇ ಬೇರು. ಪಾದವನ್ನು ಮೊಣಕಾಲಿನ ಕಡೆಗೆ ಎತ್ತುವ ಸ್ನಾಯುಗಳ ಗುಂಪು ನಿಜಕ್ಕೆ ಎಕ್ಸ್‌ಟೆನ್ಸರ್ ಗುಂಪು (ಫ್ಲೆಕ್ಷನ್‌ಗೆ ಎದುರಾದ ಎಕ್ಸ್‌ಟೆನ್ಷನ್, ಅಂದರೆ ಕೀಲನ್ನು ನೇರಮಾಡುವ ಚಲನೆ, ಮಾಡಿಸುವ ಗುಂಪು), ಕಾಲ್ಬೆರಳುಗಳನ್ನು ಮೇಲೆತ್ತುವ ಸ್ನಾಯುಗಳೂ ಅಲ್ಲೇ ಇವೆ. ಕೋನ ನೋಡಿದರೆ ಫ್ಲೆಕ್ಷನ್, ಸ್ನಾಯು ನೋಡಿದರೆ ಎಕ್ಸ್‌ಟೆನ್ಷನ್. ಜಗಳವೇ ಬೇಡವೆಂದು ಮೇಲಕ್ಕೆ ಡಾರ್ಸಿಫ್ಲೆಕ್ಷನ್, ಕೆಳಕ್ಕೆ ಪ್ಲಾಂಟಾರ್ ಫ್ಲೆಕ್ಷನ್ ಎಂದೇ ಬರೆಯುತ್ತಾರೆ. ‘ಆಂಕಲ್ ಫ್ಲೆಕ್ಷನ್’ ಎಂದು ಬರಿದಾಗಿ ಬರೆದ ಹಾಳೆ ಕಂಡರೆ ಅನುವಾದಿಸುವ ಮುನ್ನ ಬರೆದವರನ್ನೇ ಕೇಳಿ.

ಹೆಬ್ಬೆರಳು ಇನ್ನೊಂದು ಬಲೆ. ಅದರ ಉಗುರು ಉಳಿದ ಬೆರಳುಗಳ ಉಗುರಿನ ದಿಕ್ಕಿಗೆ ನೋಡದೆ ಪಕ್ಕಕ್ಕೆ ನೋಡುತ್ತದೆ. ಹಾಗಾಗಿ ಹೆಬ್ಬೆರಳಿನ ಫ್ಲೆಕ್ಷನ್ ಎಂದರೆ ಅಂಗೈಗೆ ಅಂಟಿಕೊಂಡಂತೆ ಕಿರುಬೆರಳಿನ ಬುಡದತ್ತ ಸರಿಯುವುದು. ಅಂಗೈಯಿಂದ ಮುಂದಕ್ಕೆ ಏಳುವುದು ಅಬ್ಡಕ್ಷನ್, ಅಂದರೆ ದೂರ ಸರಿಯುವ ಚಲನೆ.

ಕೋನಮಾಪಕ:
ಹಾಳೆಯಲ್ಲಿ ಡಿಗ್ರಿಗಳೂ ಇರಬಹುದು, ಅಲ್ಲಿ ಎಡವಬೇಡಿ. ಚಲನೆಯ ಅಳತೆಯಲ್ಲಿ ನೆಟ್ಟಗಿರುವ ಕೀಲು 0, 180 ಅಲ್ಲ. ವಯಸ್ಕರಲ್ಲಿ ಸಾಮಾನ್ಯವಾಗಿ ಮೊಣಕೈ 0ಯಿಂದ 145-150, ಮೊಣಕಾಲು 0ಯಿಂದ 135-140, ಭುಜ 0ಯಿಂದ 170-180, ಮಣಿಕಟ್ಟು 80ರ ಆಸುಪಾಸು, ಡಾರ್ಸಿಫ್ಲೆಕ್ಷನ್ 20. ‘15-110’ ಎಂದು ಬರೆದಿದ್ದರೆ ಮೊಣಕಾಲು 110ರವರೆಗೆ ಮಡಚುತ್ತದೆ, ಆದರೆ ಕೊನೆಯ 15 ಡಿಗ್ರಿ ನೇರವಾಗುವುದಿಲ್ಲ ಎಂದರ್ಥ. ಇದನ್ನು ‘ಫ್ಲೆಕ್ಷನ್ ಡಿಫಾರ್ಮಿಟಿ’ ಎನ್ನುತ್ತಾರೆ. ‘ಮಡಚಲು ತೊಂದರೆ’ ಎಂದು ಕನ್ನಡಿಸಿದರೆ ಅರ್ಥ ತಿರುಗುಮುರುಗು. ಅದು ಮಡಚಿದಲ್ಲೇ ಸಿಕ್ಕಿಕೊಂಡ ಕೀಲು, ತೊಂದರೆ ಇರುವುದು ನೇರಮಾಡುವುದರಲ್ಲಿ.

ಯಾವ ಭಂಗಿಯಲ್ಲಿ ಅಳೆದದ್ದು ಎಂಬುದನ್ನು ಅನುವಾದದಲ್ಲಿ ಬಿಡಬೇಡಿ. ಮೊಣಕಾಲು ಮಡಚಿದ್ದರೆ ತೊಡೆ ಹೊಟ್ಟೆಯತ್ತ 120ರವರೆಗೆ ಬರುತ್ತದೆ. ಕಾಲು ನೇರವಿದ್ದರೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಬಿಗಿದು 80-90ಕ್ಕೇ ತಡೆಯುತ್ತದೆ. ಬೋರಲು ಮಲಗಿ ಮೊಣಕಾಲು ಮಡಚಿದರೆ ಮುಂದೊಡೆಯ ರೆಕ್ಟಸ್ ಫೆಮೋರಿಸ್ ಸ್ನಾಯು ಎರಡೂ ತುದಿಯಲ್ಲಿ ಎಳೆದು ಸಂಖ್ಯೆಯನ್ನು ಇಳಿಸಬಹುದು. ಭುಜ ಅಳೆಯುವಾಗ ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಕೆಳಬೆನ್ನು ಹಾಸಿಗೆಗೆ ತಾಗಿರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಬೆನ್ನು ಕಮಾನಾಗಿ, ಭುಜದಲ್ಲಿಲ್ಲದ ಡಿಗ್ರಿಗಳು ಲೆಕ್ಕಕ್ಕೆ ಸೇರುತ್ತವೆ.

ಪದಕೋಶಿ:
ಆಕುಂಚನ-ಪ್ರಸಾರಣ ಹಳೆಯ ಜೋಡಿ. ವೈಶೇಷಿಕ ದರ್ಶನ ಹೇಳುವ ಐದು ಕರ್ಮಗಳಲ್ಲೇ ಇವೆರಡೂ ಇವೆ. ಅರ್ಥ ಸರಿ, ಆದರೆ ಸ್ನಾಯು ಅಥವಾ ಹೃದಯ ಕುಗ್ಗುವುದಕ್ಕೂ ಕನ್ನಡದಲ್ಲಿ ‘ಆಕುಂಚನ’ ಎಂದು ಬರೆಯುವವರಿದ್ದಾರೆ. ಸ್ನಾಯು ಕುಗ್ಗುವುದು ಬೇರೆ, ಕೀಲು ಮಡಚುವುದು ಬೇರೆ. ಬಳಸುವುದಾದರೆ ‘ಮೊಣಕೈಯ ಆಕುಂಚನ’ ಎಂದು ಕೀಲಿನ ಹೆಸರು ಸೇರಿಸಿ, ಸ್ನಾಯುವಿಗೆ ‘ಸಂಕೋಚನ’ ಮೀಸಲಿಡಿ.

ರೋಗಿ ಓದುವ ಹಾಳೆಗೆ ನಾನಾದರೆ ‘ಫ್ಲೆಕ್ಷನ್’, ‘ಆಕುಂಚನ’ ಎರಡೂ ಹಾಕುವುದಿಲ್ಲ. ಕನ್ನಡ ಪ್ರತಿ ಕೀಲಿಗೂ ತನ್ನದೇ ಕ್ರಿಯಾಪದ ಇಟ್ಟುಕೊಂಡಿದೆ: ಮೊಣಕಾಲು ಮಡಚುತ್ತೇವೆ, ಸೊಂಟ ಬಗ್ಗಿಸುತ್ತೇವೆ, ತಲೆ ಬಾಗಿಸುತ್ತೇವೆ, ತೋಳು ಮುಂದಕ್ಕೆ ಎತ್ತುತ್ತೇವೆ. ‘ಭುಜ ಬಗ್ಗಿಸಿ’ ಎಂದು ಬರೆದರೆ ಓದಿದವರು ಹೆಗಲು ಕುಗ್ಗಿಸಿ ಕೂರುತ್ತಾರೆ! ‘ಲ್ಯಾಟರಲ್ ಫ್ಲೆಕ್ಷನ್’ ಬಂದರೆ ‘ಪಕ್ಕಕ್ಕೆ ವಾಲಿಸಿ’ ಸಾಕು.

ಕಡತಪುಟ:
ಭುಜಕ್ಕೆ ‘ಮುಂದಿನಿಂದ ಮೇಲಕ್ಕೆ ಎತ್ತಿ’ ಎಂದು ಬದಲಿಸಿದೆ. ಒಂದೇ ಸಂದೇಹ: ಕುಕ್ಕರುಗಾಲಿನತ್ತ ಇಳಿಯುವಾಗ ಮಂಡಿ ಫ್ಲೆಕ್ಷನ್ ಆಗುತ್ತದೆ, ಆದರೆ ಹಾಳೆ ‘ಎಕ್ಸ್‌ಟೆನ್ಸರ್ ಸ್ನಾಯು ಬಲಪಡಿಸಲು’ ಅನ್ನುತ್ತದೆ. ಅಚ್ಚಿನ ತಪ್ಪೇ?

ಮೂಳೆಚೀಲ:
ತಪ್ಪಲ್ಲ, ಹಾಗೇ ಬಿಡಿ. ಫ್ಲೆಕ್ಷನ್ ಚಲನೆಯ ಹೆಸರು, ದುಡಿಯುವ ಸ್ನಾಯುವಿನದಲ್ಲ. ಇಳಿಯುವಾಗ ಮಂಡಿಯನ್ನು ಮಡಚುತ್ತಿರುವುದು ದೇಹದ ತೂಕ. ಧೊಪ್ಪನೆ ಬೀಳದಂತೆ ಮುಂದೊಡೆಯ ಕ್ವಾಡ್ರಿಸೆಪ್ಸ್, ಅಂದರೆ ಮಂಡಿಯ ಎಕ್ಸ್‌ಟೆನ್ಸರ್, ಉದ್ದವಾಗುತ್ತಲೇ ಬಿಗಿಹಿಡಿದಿರುತ್ತದೆ. ಏಳುವಾಗ ಅದೇ ಸ್ನಾಯು ಕುಗ್ಗುತ್ತ ಮಂಡಿಯನ್ನು ನೇರಮಾಡುತ್ತದೆ. ‘ನಿಧಾನವಾಗಿ ಇಳಿಯಿರಿ’ ಎಂಬ ಸಾಲು ಮೂಲದಲ್ಲಿದ್ದರೆ ಅದನ್ನು ಮಾತ್ರ ಕೈಬಿಡಬೇಡಿ.