ಪಚ್ಚಿಲೆಯ (ಬಂಡೆಗೆ ಅಂಟಿ ಬದುಕುವ ಕಡಲ ಚಿಪ್ಪುಜೀವಿ) ಡಿಎನ್ಎ ಜೊತೆ ಲೋಳೆ ಬರುತ್ತಿದೆ, ಮೂರು ಸಲ ಕ್ಯೂಸಿ (ಗುಣಮಟ್ಟದ ಪರೀಕ್ಷೆ) ಫೇಲ್. ಸಹಾಯ ಬೇಕು

ಉಳ್ಳಾಲ_ಕಡಲು:
ನಮಸ್ಕಾರ. ಮಂಗಳೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ನೇತ್ರಾವತಿಯ ಸಿಹಿನೀರು ನುಗ್ಗಿ ಕಡಲಿನ ಉಪ್ಪು ಇಳಿದಾಗಲೂ ಸೋಮೇಶ್ವರದ ಬಂಡೆಯ ಪಚ್ಚಿಲೆ ಹೇಗೆ ಬದುಕುತ್ತದೆ ಅಂತ ಅದರ ಜೀನೋಮ್‌ನಲ್ಲಿ, ಅಂದರೆ ಪೂರ್ತಿ ಡಿಎನ್ಎ ಬರಹದಲ್ಲಿ ಹುಡುಕಬೇಕು. ಲಾಂಗ್ ರೀಡ್ ಸೀಕ್ವೆನ್ಸಿಂಗ್‌ಗೆ (ಡಿಎನ್ಎಯನ್ನು ಉದ್ದುದ್ದ ತುಂಡಾಗಿ ಓದುವ ವಿಧಾನ) ಕಳಿಸಲು ಡಿಎನ್ಎಯೇ ಸರಿಯಾಗಿ ಸಿಗುತ್ತಿಲ್ಲ.

ಡಿಎನ್ಎಯನ್ನು ಸಣ್ಣ ಸೋಸುಕದಲ್ಲಿ ಹಿಡಿಯುವ ಕಾಲಂ ಕಿಟ್ ಬಳಸಿದೆ. ಬೆಳಕು ಹೀರುವುದನ್ನು ನೋಡಿ ಅಳೆಯುವ ನ್ಯಾನೋಡ್ರಾಪ್‌ನಲ್ಲಿ ಮೈಕ್ರೋಲೀಟರ್‌ಗೆ 410 ನ್ಯಾನೋಗ್ರಾಂ, ಡಿಎನ್ಎಯನ್ನಷ್ಟೇ ಅಳೆಯುವ ಕ್ಯೂಬಿಟ್‌ನಲ್ಲಿ ಬರೀ 52. ಪ್ರೋಟೀನ್ ಕಲಬೆರಕೆ ತೋರಿಸುವ 260/280 ಅನುಪಾತ ಸರಿಯಾಗಿದೆ, 1.8. ಆದರೆ ಬೇರೆ ಕಲಬೆರಕೆ ತೋರಿಸುವ 260/230 ಬರುವುದು 0.7. ಟ್ಯೂಬ್ ಓರೆ ಮಾಡಿದರೆ ಬಸಳೆ ದಂಟಿನ ಲೋಳೆಯ ಹಾಗೆ ಎಳೆ ಎಳೆಯಾಗಿ ಜಾರುತ್ತದೆ. ಡಿಎನ್ಎ ಸಾಕಾಗಲಿ ಅಂತ ಐದು ಪಚ್ಚಿಲೆಯ ಕಿವಿರು ಒಟ್ಟಿಗೆ ಅರೆದಿದ್ದೆ.

ಮಲ್ಪೆ_ಲ್ಯಾಬ್:
ನಿಮ್ಮ ಟ್ಯೂಬ್‌ನಲ್ಲಿ ಜಾರುತ್ತಿರುವುದು ಪಾಲಿಸ್ಯಾಕರೈಡ್, ಅಂದರೆ ಸಕ್ಕರೆ ಅಣುಗಳ ಉದ್ದ ಸರಪಳಿ. ಪಚ್ಚಿಲೆ, ಮರುವಾಯಿಯಂಥ ಚಿಪ್ಪುಜೀವಿಗಳೆಲ್ಲದರಲ್ಲೂ ಇದೇ ತೊಂದರೆ. ಆಲ್ಕೋಹಾಲ್ ಹಾಕಿದಾಗ ಡಿಎನ್ಎ ಜೊತೆಗೇ ಅದೂ ಕೆಳಗಿಳಿಯುತ್ತದೆ, ಕಾಲಮ್ಮನ್ನೂ ಕಟ್ಟುತ್ತದೆ. 260/230 ಕೆಡಲು ಅದೂ ಕಾರಣ. ನ್ಯಾನೋಡ್ರಾಪ್ ಆರ್‌ಎನ್‌ಎಯನ್ನೂ ಸೇರಿಸಿ ಲೆಕ್ಕ ಕೊಡುತ್ತದೆ. ನೀವು ಕ್ಯೂಬಿಟ್ ನಂಬಿ, ಆರ್‌ಎನ್‌ಎಯನ್ನು ಕತ್ತರಿಸುವ ಆರ್‌ಎನ್‌ಏಸ್ ಕಿಣ್ವ ಹಾಕಿ.

ಕಿಟ್ ಬಿಟ್ಟು ಸಿಟ್ಯಾಬ್ (ಸೋಪಿನಂಥ ಒಂದು ರಾಸಾಯನಿಕ) ವಿಧಾನ ಮಾಡಿ. ಉಪ್ಪು ಕನಿಷ್ಠ 1.4 ಮೋಲಾರ್ ಇರಲಿ. ಅಷ್ಟು ಉಪ್ಪಿನಲ್ಲಿ ಡಿಎನ್ಎ ನೀರಿನಲ್ಲೇ ಉಳಿಯುತ್ತದೆ, ಲೋಳೆ ಸಿಟ್ಯಾಬ್ ಹಿಡಿದುಕೊಂಡು ಕ್ಲೋರೋಫಾರ್ಮ್ ಮೇಲಿನ ಬಿಳಿ ಪದರಕ್ಕೆ ಹೋಗುತ್ತದೆ. ಆ ಪದರ ಕಾಣದಷ್ಟು ತೆಳುವಾಗುವವರೆಗೆ ಮತ್ತೆ ಮತ್ತೆ ಕ್ಲೋರೋಫಾರ್ಮ್ ಹಾಕಿ. ಮೇಲಿನ ನೀರು ಎಳೆಯುವಾಗ ಆಸೆ ಪಡಬೇಡಿ, ತಳದಲ್ಲಿ ಸ್ವಲ್ಪ ಬಿಟ್ಟೇಬಿಡಿ. ಜೋರಾಗಿ ಅಲುಗಿಸುವ ವೋರ್ಟೆಕ್ಸ್ ಯಂತ್ರ ಬೇಡವೇ ಬೇಡ. ಪಿಪೆಟ್‌ನ ಟಿಪ್ ತುದಿ ಕತ್ತರಿಸಿ ಬಳಸಿ, ಇಲ್ಲವಾದರೆ ಉದ್ದದ ಎಳೆ ತುಂಡಾಗುತ್ತದೆ.

ಕಿವಿರಿನಲ್ಲಿ ಲೋಳೆ ಜಾಸ್ತಿ. ಚಿಪ್ಪು ಮುಚ್ಚಿ ಹಿಡಿಯುವ ಸ್ನಾಯು ಇದೆಯಲ್ವಾ, ಅದನ್ನು ತೆಗೆದುಕೊಳ್ಳಿ.

ನನಗೆ ಲೋಳೆಗಿಂತ ಚಿಂತೆ ಆ ಐದರದ್ದು. ಒಂದೇ ಪಚ್ಚಿಲೆಯಲ್ಲಿ ತಾಯಿಯಿಂದ ಬಂದ ಪ್ರತಿಗೂ ತಂದೆಯಿಂದ ಬಂದ ಪ್ರತಿಗೂ ತುಂಬಾ ವ್ಯತ್ಯಾಸ. ಐದು ಸೇರಿಸಿದರೆ ಹತ್ತು ಪ್ರತಿ. ಓದಿದ ತುಂಡುಗಳನ್ನು ಜೋಡಿಸುವ ಸಾಫ್ಟ್‌ವೇರ್‌ಗೆ ಯಾವ ತುಂಡು ಯಾರದ್ದು ಅಂತ ತಿಳಿಯುವುದಿಲ್ಲ. ಡಿಎನ್ಎ ಎಷ್ಟೇ ಶುದ್ಧವಿದ್ದರೂ ಅಸೆಂಬ್ಲಿ (ಜೋಡಿಸಿದ ಜೀನೋಮ್) ಚೂರು ಚೂರು. ದಯವಿಟ್ಟು ಒಂದೇ ಪಚ್ಚಿಲೆಯಿಂದ ತೆಗೆಯಿರಿ, ಕಡಿಮೆ ಸಿಕ್ಕರೂ ಪರವಾಗಿಲ್ಲ.

ಸುರತ್ಕಲ್_ಜೀನೋಮ್:
ಕೊಚ್ಚಿಯ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ (ಸಿಎಂಎಫ್‌ಆರ್‌ಐ) 2023ರಲ್ಲೇ ಹಸಿರು ಪಚ್ಚಿಲೆಯ ಜೀನೋಮ್ ಪ್ರಕಟಿಸಿದೆ. ಸುಮಾರು 72 ಕೋಟಿ ಅಕ್ಷರ, 15 ಕ್ರೋಮೋಸೋಮ್. ನಿಮ್ಮ ರೀಡ್‌ಗಳನ್ನು (ಓದಿದ ತುಂಡುಗಳನ್ನು) ಅದಕ್ಕೆ ಹೊಂದಿಸಿ ನೋಡಬಹುದು. ಹೊಸದಾಗಿ ಜೋಡಿಸಲೇಬೇಕು ಅಂತಿಲ್ಲ.

ಉಳ್ಳಾಲ_ಕಡಲು:
ಸರ್, ಆಯಿತು! ದೊಡ್ಡದೊಂದು ಪಚ್ಚಿಲೆ, ಸ್ನಾಯು ಮಾತ್ರ, ಕ್ಲೋರೋಫಾರ್ಮ್ ಮೂರು ಸಲ. ಕ್ಯೂಬಿಟ್ 64, ನ್ಯಾನೋಡ್ರಾಪ್ 79, 260/230 ಈಗ 1.9. ಜೆಲ್‌ನಲ್ಲಿ ಓಡಿಸಿ ನೋಡಿದರೆ ಮೇಲ್ಗಡೆ ಒಂದೇ ಗಟ್ಟಿ ಪಟ್ಟಿ, ಅಂದರೆ ಎಳೆ ತುಂಡಾಗಿಲ್ಲ. ಅದರ ಕಿವಿರು, ಉಳಿದ ಮಾಂಸ ಎಲ್ಲಾ ಮೈನಸ್ 80 ಡಿಗ್ರಿಯಲ್ಲಿದೆ. ಎಸೆಯಬಹುದಾ?

ಮಲ್ಪೆ_ಲ್ಯಾಬ್:
ಖಂಡಿತ ಬೇಡ. ಉಪ್ಪು ಇಳಿದಾಗ ಯಾವ ಜೀನ್ ಕೆಲಸ ಮಾಡುತ್ತದೆ ಅಂತ ನೋಡಲು ಕಿವಿರಿನ ಆರ್‌ಎನ್‌ಎ ಬೇಕಾಗುತ್ತದೆ. ಚಿಪ್ಪಿನ ಮೇಲೂ ಟ್ಯೂಬ್‌ನ ನಂಬರನ್ನೇ ಬರೆದಿಡಿ.